ಸ್ಕ್ರೂ ತಿರಗಲಾಕತ್ತದ, ಮಾಲ್ ಬರವಲ್ದು

ಪುಣೆ ಇರಲಿ, ಹೈದರಾಬಾದ್ ಇರಲಿ, ಚೆನ್ನೈ ಇರಲಿ, ಊರಂಚಿನ ಹೊಸ ಬಡಾವಣೆಯಲ್ಲಿ ಮನೆ ಮಾಡಿರುವ ನಮ್ಮಂಥವರಿಗೆ ರೆಡಿಮಿಕ್ಸ್ ಕಾಂಕ್ರೀಟ್ ಪ್ಲಾಂಟ್ ಹೊಸ ದೃಶ್ಯವೇನಲ್ಲ. ತಗಡಿನ ಬೇಲಿ, ಒಳಗೆ ಜಲ್ಲಿ ಮತ್ತು ಎಂ-ಸ್ಯಾಂಡ್ ರಾಶಿ, ಗೇಟಿನ ಮುಂದೆ ಹೊಟ್ಟೆ ತಿರುಗಿಸುತ್ತ ನಿಂತ ಟ್ರಾನ್ಸಿಟ್ ಮಿಕ್ಸರ್‌ಗಳು, ಎಲ್ಲಕ್ಕಿಂತ ಎತ್ತರಕ್ಕೆ ಎರಡೋ ಮೂರೋ ಉಕ್ಕಿನ ಸೈಲೊಗಳು. ಒಂದರಲ್ಲಿ ಸಿಮೆಂಟ್, ಇನ್ನೊಂದರಲ್ಲಿ ಉಷ್ಣ ವಿದ್ಯುತ್ ಸ್ಥಾವರದಿಂದ ಬಂದ ಹಾರುಬೂದಿ. ಮುಂದಿನ ಸಲ ಆ ಕಡೆ ಹೋದಾಗ ಸೈಲೊದ ಬುಡ ನೋಡಿ. ಅಲ್ಲಿ ಕೆಳಮುಖವಾಗಿ ಕಿರಿದಾಗುವ ಒಂದು ಶಂಕು ಇರುತ್ತದೆ. ಅದರ ತುದಿಯಿಂದ ಓರೆಯಾಗಿ ಮೇಲಕ್ಕೆ ಹೋಗಿ ಮಿಕ್ಸರಿನ ನೆತ್ತಿ ಮುಟ್ಟುವ ಒಂದು ಕೊಳವೆ, ಕೊಳವೆಯ ತುದಿಗೆ ಒಂದು ಮೋಟಾರು. ಆ ಕೊಳವೆಯೊಳಗೆ ಉದ್ದಕ್ಕೂ ಒಂದು ಸುರುಳಿ ತಿರುಗುತ್ತಿರುತ್ತದೆ. ಅದೇ ಸ್ಕ್ರೂ ಕನ್ವೇಯರ್. ಇಪ್ಪತ್ತು ವರ್ಷದ ಸಾಲ ಮಾಡಿ ನಾವು ಕೊಂಡ ಫ್ಲ್ಯಾಟಿನ ಸಿಮೆಂಟಿನಲ್ಲಿ ಬಹುಪಾಲು ಇಂಥದ್ದೊಂದು ಕೊಳವೆಯೊಳಗೆ ಸುತ್ತಿಯೇ ಬಂದದ್ದು.

ನಾನು ಮೆಕ್ಯಾನಿಕಲ್ ಓದಿದವನಲ್ಲ. ದಾವಣಗೆರೆಯಲ್ಲಿ ಬಿ.ಇ., ಆಮೇಲೆ ಕಂಪ್ಯೂಟರ್ ಸೈನ್ಸಿನಲ್ಲಿ ಎಂ.ಟೆಕ್., ಆಮೇಲೆ ಪುಣೆ. ಕೆಲವು ವರ್ಷಗಳಿಂದ ಬ್ಯಾಚಿಂಗ್ ಪ್ಲಾಂಟ್‌ಗಳ ನಿಯಂತ್ರಣದ ಸಾಫ್ಟ್‌ವೇರ್ ಬರೆಯುವುದು ನನ್ನ ಹೊಟ್ಟೆಪಾಡು. ನಮ್ಮ ಸ್ಕ್ರೀನಿನಲ್ಲಿ ಸೈಲೊ ಎಂದರೆ ಒಂದು ನೀಲಿ ಪೆಟ್ಟಿಗೆ, ಸ್ಕ್ರೂ ಎಂದರೆ ಹಸಿರು ಬಣ್ಣದಲ್ಲಿ ತಿರುಗುವ ಪುಟ್ಟ ಚಿತ್ರ. ಬಟನ್ ಒತ್ತಿದರೆ ಮೋಟಾರ್ ಆನ್, ತೂಕ ಮುಟ್ಟಿದರೆ ಆಫ್. ಕೋಡ್ ಬರೆಯುವವರ ಕಣ್ಣಿಗೆ ಇದಕ್ಕಿಂತ ಸರಳವಾದದ್ದು ಇನ್ನೊಂದಿಲ್ಲ.

ಚಾಕಣ್ ಕಡೆಯ ಒಂದು ಪ್ಲಾಂಟಿನಿಂದ ದೂರು ಬಂದಿತ್ತು. ಅರ್ಧ ನಿಮಿಷದಲ್ಲಿ ಮುಗಿಯಬೇಕಾದ ಸಿಮೆಂಟ್ ತೂಕಕ್ಕೆ ಕೆಲವೊಮ್ಮೆ ಮೂರು ನಿಮಿಷ ಹಿಡಿಯುತ್ತಿದೆ, ನಿಮ್ಮ ಸಾಫ್ಟ್‌ವೇರ್ ನಿಧಾನ ಎಂದು. ಲ್ಯಾಪ್‌ಟಾಪ್ ಹೊತ್ತು ಹೋದೆ. ಕಂಟ್ರೋಲ್ ಕ್ಯಾಬಿನ್ನಿನಲ್ಲಿ ಕೂತು ಮನೆಗೆ ಫೋನ್ ಮಾಡುತ್ತಿದ್ದಾಗ ಹಿಂದಿನಿಂದ ದನಿ ಬಂತು: "ಕನ್ನಡದವ್ರೇನ್ರಿ ಸರ? ಯಾ ಊರು?" ಪ್ಲಾಂಟ್ ಆಪರೇಟರ್. ಸೇಡಂ ತಾಲೂಕಿನವರು, ಹದಿನೈದು ವರ್ಷದಿಂದ ಪುಣೆಯಲ್ಲಿದ್ದಾರೆ. ನಾನು ಲಾಗ್ ಫೈಲ್ ತೆರೆಯುವ ಮೊದಲೇ ಅವರು ರೋಗ ಹೇಳಿಬಿಟ್ಟರು: "ನಿಮ್ಮ ಸಾಫ್ಟ್‌ವೇರ್‌ಗೆ ಏನೂ ಆಗಿಲ್ರಿ. ಸ್ಕ್ರೂ ತಿರಗಲಾಕತ್ತದ, ಮಾಲ್ ಬರವಲ್ದು. ಮ್ಯಾಲಿಂದ ಬಂದ್ರ ತಾನೇ ಅದು ಮುಂದ ಕೊಡೋದು?"

ಈ ವಿಷಯದ ಬಗ್ಗೆ ಆಮೇಲೆ ನಾನು ಓದಿದ್ದೆಲ್ಲ ಕೊನೆಗೆ ಬಂದು ನಿಲ್ಲುವುದು ಆ ಮಾತಿಗೇ. ಸ್ಕ್ರೂ ಎಳೆಯುವುದಿಲ್ಲ. ತನ್ನ ಮೇಲೆ ಬಿದ್ದದ್ದನ್ನು ಮುಂದಕ್ಕೆ ಒಯ್ಯುತ್ತದೆ, ಅಷ್ಟೇ.

ಮೊದಲು ಸ್ಕ್ರೂ ಹೇಗೆ ಒಯ್ಯುತ್ತದೆ ನೋಡೋಣ. ಒಂದು ಬೋಲ್ಟಿಗೆ ನಟ್ ಹಾಕಿ. ನಟ್ಟನ್ನು ಬೆರಳಲ್ಲಿ ಹಿಡಿಯದೆ ಬೋಲ್ಟ್ ತಿರುಗಿಸಿದರೆ ನಟ್ಟೂ ಅದರ ಜೊತೆಗೇ ಸುತ್ತುತ್ತದೆ, ಎಲ್ಲಿಗೂ ಹೋಗುವುದಿಲ್ಲ. ನಟ್ಟನ್ನು ಹಿಡಿದು ಬೋಲ್ಟ್ ತಿರುಗಿಸಿ, ಈಗ ಅದು ಮುಂದೆ ಸಾಗುತ್ತದೆ. ಸ್ಕ್ರೂ ಕನ್ವೇಯರಿನಲ್ಲಿ ನಟ್ಟಿನ ಜಾಗದಲ್ಲಿರುವುದು ಸಿಮೆಂಟ್. ಅದನ್ನು ಹಿಡಿದುಕೊಳ್ಳುವ ಬೆರಳು ಎಂದರೆ ಕೊಳವೆಯ ಒಳಗೋಡೆಯ ಘರ್ಷಣೆ ಮತ್ತು ಸಿಮೆಂಟಿನ ಸ್ವಂತ ಭಾರ. ಹಾಗಾಗಿ ಸುರುಳಿಯ ರೆಕ್ಕೆ ನುಣುಪಾಗಿದ್ದಷ್ಟೂ ಒಳ್ಳೆಯದು. ಅಂಟಿಕೊಳ್ಳುವ ಮಾಲು ರೆಕ್ಕೆಗೆ ಮೆತ್ತಿಕೊಂಡರೆ ಸುರುಳಿಯ ಜೊತೆ ತಾನೂ ಸುತ್ತುತ್ತಾ ಕೂರುತ್ತದೆ. ಮೋಟಾರು ಗುಂಯ್ ಎನ್ನುತ್ತಿರುತ್ತದೆ, ಆಚೆ ಕಡೆ ಏನೂ ಬೀಳುವುದಿಲ್ಲ.

ಆರ್ಕಿಮಿಡೀಸನ ಹೆಸರು ಹೊತ್ತ ನೀರೆತ್ತುವ ಸುರುಳಿ ಎಲ್ಲರಿಗೂ ಗೊತ್ತು. ರೋಮಿನ ವಿಟ್ರೂವಿಯಸ್ ಅದನ್ನು ಮರದಲ್ಲಿ ಮಾಡುವ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆದರೆ ಅಲ್ಲಿ ನೀರು ಸುರುಳಿಯ ತಗ್ಗುಗಳಲ್ಲಿ ಕೂತು ಮೇಲೇರುತ್ತದೆ, ಘರ್ಷಣೆಯ ಸಹಾಯ ಬೇಡ. ಒಣ ಮಾಲಿಗೆ ಈ ಸುರುಳಿಯನ್ನು ಕಾರ್ಖಾನೆಯ ಮಟ್ಟದಲ್ಲಿ ಒಗ್ಗಿಸಿದವರಲ್ಲಿ ದೊಡ್ಡ ಹೆಸರು ಅಮೆರಿಕದ ಡೆಲವೇರಿನ ಆಲಿವರ್ ಇವಾನ್ಸ್. 1780ರ ದಶಕದಲ್ಲಿ ಆತ ಕಟ್ಟಿದ ಹಿಟ್ಟಿನ ಗಿರಣಿಯಲ್ಲಿ ಕಾಳನ್ನು ಮೇಲಕ್ಕೆತ್ತಲು ಬಟ್ಟಲು ಕಟ್ಟಿದ ಪಟ್ಟಿ, ಅಡ್ಡಡ್ಡ ಸಾಗಿಸಲು ಮರದ ಸುರುಳಿ ಇದ್ದವು. ಚೀಲ ಹೊತ್ತು ಏಣಿ ಹತ್ತುವ ಆಳು ಬೇಕಾಗಲಿಲ್ಲ. 1790ರಲ್ಲಿ ಅದಕ್ಕೆ ಸಿಕ್ಕಿದ್ದು ಅಮೆರಿಕದ ಮೂರನೆಯ ಪೇಟೆಂಟ್. ಮರುವರ್ಷ ಜಾರ್ಜ್ ವಾಷಿಂಗ್ಟನ್ ತನ್ನ ಸ್ವಂತ ಗಿರಣಿಗೂ ಅದನ್ನು ಹಾಕಿಸಿಕೊಂಡ. ಆಟೊಮೇಷನ್ ಎಂದರೆ ನಮ್ಮ ತಲೆಮಾರಿನದ್ದು ಎಂದು ಮೀಟಿಂಗುಗಳಲ್ಲಿ ಎದೆಯುಬ್ಬಿಸುವ ನಾವು ಇಂಥ ತಾರೀಖುಗಳನ್ನು ಆಗಾಗ ನೆನಪಿಸಿಕೊಳ್ಳಬೇಕು.

ಲೆಕ್ಕ ಕೂಡ ಕೈಯಲ್ಲೇ ಮಾಡುವಷ್ಟು ಸುಲಭ. ಸುರುಳಿಯ ವ್ಯಾಸ 20 ಸೆಂಟಿಮೀಟರ್, ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ದೂರ, ಅಂದರೆ ಪಿಚ್, ಅದೂ 20, ನಡುವಿನ ದಂಡದ ದಪ್ಪ 6 ಎಂದಿಟ್ಟುಕೊಳ್ಳಿ. ಒಂದು ಸುತ್ತಿನಲ್ಲಿ ಹಿಡಿಸುವ ಜಾಗ ಸುಮಾರು 5.7 ಲೀಟರ್. ಕೊಳವೆ ಓರೆಯಾಗಿರುವುದರಿಂದ ಪೂರ್ತಿ ತುಂಬಿ ಸಾಗುವುದಿಲ್ಲ, ಒಂದಿಷ್ಟು ಹಿಂದಕ್ಕೆ ಜಾರುತ್ತದೆ. ಶೇ. 40 ತುಂಬಿತೆಂದು ಹಿಡಿದರೆ 2.3 ಲೀಟರ್. ಲೀಟರಿಗೆ 1.2 ಕಿಲೊ ಎಂದರೆ ಸುತ್ತಿಗೆ ಸುಮಾರು 2.7 ಕಿಲೊ. ನಿಮಿಷಕ್ಕೆ 200 ಸುತ್ತು ಎಂದರೆ ಸುಮಾರು 550 ಕಿಲೊ. ಒಂದು ಘನ ಮೀಟರ್ ಕಾಂಕ್ರೀಟಿಗೆ 320 ಕಿಲೊ ಸಿಮೆಂಟ್ ಬೇಕಿದ್ದರೆ 35 ಸೆಕೆಂಡಿನ ಕೆಲಸ.

ಈ ಲೆಕ್ಕದಲ್ಲಿ ಎರಡು ಸಂಖ್ಯೆ ಮಾತ್ರ ನನ್ನ ಸಾಫ್ಟ್‌ವೇರಿನ ಕೈಯಲ್ಲಿಲ್ಲ: ಆ ಶೇ. 40 ಮತ್ತು ಆ 1.2. ಸುರುಳಿ ಎಷ್ಟು ತುಂಬಿದೆ, ತುಂಬಿದ ಸಿಮೆಂಟ್ ಎಷ್ಟು ಗಟ್ಟಿಯಾಗಿ ಕೂತಿದೆ ಎನ್ನುವುದನ್ನು ನಿರ್ಧರಿಸುವುದು ಮೇಲಿನ ಸೈಲೊ.

ಸೈಲೊ ಎಂದರೆ ನೀರಿನ ಟ್ಯಾಂಕಿನ ಹಾಗೆ ಎಂದುಕೊಳ್ಳುವುದು ಸಹಜ. ತುಂಬಿದಷ್ಟೂ ಬುಡದಲ್ಲಿ ಒತ್ತಡ ಹೆಚ್ಚಬೇಕು, ನಲ್ಲಿ ತೆಗೆದರೆ ಧೋ ಎಂದು ಬರಬೇಕು. ಹಾಗೆ ಆಗುವುದಿಲ್ಲ. 1895ರಲ್ಲಿ ಜರ್ಮನಿಯ ಯಾನ್ಸೆನ್ ಎಂಬ ಎಂಜಿನಿಯರ್ ಮಾದರಿ ಸೈಲೊಗಳಿಗೆ ಕಾಳು ಸುರಿಯುತ್ತ ಬುಡದ ಮೇಲೆ ಬೀಳುವ ಭಾರವನ್ನು ಅಳೆದ. ಸ್ವಲ್ಪ ಎತ್ತರದವರೆಗೆ ಭಾರ ಏರಿತು, ಆಮೇಲೆ ಎಷ್ಟು ಸುರಿದರೂ ಬುಡಕ್ಕೆ ಹೆಚ್ಚೇನೂ ಗೊತ್ತಾಗಲಿಲ್ಲ. ಹೆಚ್ಚುವರಿ ಭಾರವನ್ನೆಲ್ಲ ಗೋಡೆಗಳು ಘರ್ಷಣೆಯ ಮೂಲಕ ಹೊತ್ತುಕೊಂಡಿದ್ದವು. ಹಾಗಾಗಿ ಸೈಲೊ ತುಂಬಿದೆ, ಮೇಲಿಂದ ನೂರು ಟನ್ ಒತ್ತುತ್ತಿದೆ, ಸಿಮೆಂಟ್ ತಾನಾಗಿ ಇಳಿಯುತ್ತದೆ ಎಂಬ ನಂಬಿಕೆಗೆ ಬುಡವೇ ಇಲ್ಲ. ತೂತಿನ ಹತ್ತಿರದ ಸಿಮೆಂಟಿಗೆ ಮೇಲಿನ ನೂರು ಟನ್ನಿನ ಪರಿಚಯವೇ ಇರುವುದಿಲ್ಲ.

ಇನ್ನೊಂದು ತೊಂದರೆ, ನುಣ್ಣನೆಯ ಪುಡಿಗೆ ಒತ್ತಿದರೆ ಗಟ್ಟಿಯಾಗುವ ಗುಣವಿದೆ. ಮುಷ್ಟಿಯಲ್ಲಿ ಅಕ್ಕಿ ಹಿಡಿದು ಬಿಟ್ಟರೆ ಚೆಲ್ಲಿಹೋಗುತ್ತದೆ, ಕಡಲೆಹಿಟ್ಟು ಹಿಡಿದರೆ ಮುಷ್ಟಿಯ ಅಚ್ಚು ಉಳಿಯುತ್ತದೆ. ಶಂಕುವಿನ ಕಿರಿದಾದ ಬಾಯಿಯ ಮೇಲೆ ಹೀಗೆ ಗಟ್ಟಿಯಾದ ಪುಡಿ ಒಂದು ಕಮಾನು ಕಟ್ಟಿಕೊಳ್ಳುತ್ತದೆ. ಗೋಲಗುಮ್ಮಟದ ಕೆಳಗೆ ಕಂಬವಿಲ್ಲ, ಆದರೂ ಬೀಳುವುದಿಲ್ಲ, ಸುತ್ತಲ ಗೋಡೆಯ ಮೇಲೆ ಭಾರ ಹಾಕಿ ನಿಂತಿದೆ. ಸಿಮೆಂಟಿನ ಈ ಗುಮ್ಮಟವೂ ಹಾಗೇ. ಕೆಳಗೆ ಸ್ಕ್ರೂ ಖಾಲಿ ತಿರುಗುತ್ತದೆ, ಮೇಲೆ ಎಂಬತ್ತು ಟನ್ ಸಿಮೆಂಟ್ ನಿರಾಳವಾಗಿ ಕೂತಿರುತ್ತದೆ. ನಮ್ಮ ಸೇಡಂ ಅಣ್ಣ "ಮಾಲ್ ಬರವಲ್ದು" ಎಂದದ್ದು ಇದಕ್ಕೇ.

ಕಮಾನು ಕಟ್ಟದಿದ್ದರೆ ಇನ್ನೊಂದು ಬಗೆಯ ಕಾಟ. ತೂತಿನ ನೇರ ಮೇಲಿನ ಮಾಲು ಮಾತ್ರ ಬಾವಿಯಂತೆ ಇಳಿಯುತ್ತದೆ, ಸುತ್ತಲಿನದು ಗೋಡೆಗಂಟಿ ನಿಲ್ಲುತ್ತದೆ. ಹೊಸದಾಗಿ ತುಂಬಿದ್ದು ಆ ಬಾವಿಯಲ್ಲಿ ಮೊದಲು ಇಳಿದು ಹೋಗುತ್ತದೆ. ಸಾಫ್ಟ್‌ವೇರಿನವರಿಗೆ ಇದನ್ನು ವಿವರಿಸಲು ಕಷ್ಟವಿಲ್ಲ: ನಾವು ಕ್ಯೂ ಕಟ್ಟಿದ್ದೇವೆ ಎಂದುಕೊಂಡಿರುತ್ತೇವೆ, ನಿಜವಾಗಿ ಇರುವುದು ಸ್ಟ್ಯಾಕ್. ಮೊದಲು ಬಂದದ್ದು ಕೊನೆಗೆ ಹೋಗುತ್ತದೆ ಅಥವಾ ಹೋಗುವುದೇ ಇಲ್ಲ. ಗೋಡೆಗಂಟಿದ ಸಿಮೆಂಟ್ ಎರಡು ಮಳೆಗಾಲ ಕಂಡು ಕಲ್ಲಾಗುತ್ತದೆ. ಮೇಲೆ ಕಟ್ಟಿದ ಮಟ್ಟಸೂಚಿ ಸೈಲೊ ಅರ್ಧ ತುಂಬಿದೆ ಎನ್ನುತ್ತದೆ, ಸ್ಕ್ರೂಗೆ ಸಿಗುವುದು ಸೊನ್ನೆ. ಮೆಕ್ಕೆಜೋಳದ ಸೈಲೊದಲ್ಲಾದರೆ ಗೋಡೆ ಪಕ್ಕದ ಕಾಳಿಗೆ ಹುಳ, ಬೂಷ್ಟು.

ಇದಕ್ಕೆ ಗಣಿತದ ತಳಹದಿ ಹಾಕಿದವರು ಆಂಡ್ರ್ಯೂ ಜೆನಿಕೆ. ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಎಂಜಿನಿಯರ್. ಯೂಟಾ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿ 1964ರಲ್ಲಿ ಅವರು ಹೊರತಂದ ವರದಿಯನ್ನು ಇಂದಿಗೂ ಈ ಕ್ಷೇತ್ರದವರು ಬೈಬಲ್ಲಿನಂತೆ ನೋಡುತ್ತಾರೆ. ಪುಡಿಯ ಒಂದು ಮಾದರಿಯನ್ನು ಒತ್ತಿ, ಅದನ್ನು ಪಕ್ಕಕ್ಕೆ ಜರುಗಿಸಲು ಎಷ್ಟು ಬಲ ಬೇಕೆಂದು ಅಳೆದು, ಶಂಕು ಎಷ್ಟು ಕಡಿದಾಗಿರಬೇಕು, ಬಾಯಿ ಎಷ್ಟು ಅಗಲ ಇರಬೇಕು ಎಂದು ಲೆಕ್ಕ ಹಾಕುವ ವಿಧಾನ ಅದು. ಸರಿಯಾಗಿ ಮಾಡಿದರೆ ಸೈಲೊದೊಳಗಿನದೆಲ್ಲ ಒಟ್ಟಾಗಿ, ಗೋಡೆ ಪಕ್ಕದ್ದೂ ಸೇರಿ, ಇಳಿಯುತ್ತದೆ. ಮೊದಲು ಬಂದದ್ದು ಮೊದಲು ಹೋಗುತ್ತದೆ. ತೊಂದರೆ ಏನೆಂದರೆ ಅಂಥ ಸೈಲೊದ ಶಂಕು ಕಡಿದಾಗುತ್ತದೆ, ಸೈಲೊ ಎತ್ತರವಾಗುತ್ತದೆ, ಉಕ್ಕು ಹೆಚ್ಚು ಬೇಕು. ಕಟೇಶನ್ ನೋಡುವಾಗ ಯಾರಿಗೂ ಅದು ಇಷ್ಟವಾಗುವುದಿಲ್ಲ.

ಇನ್ನು ಸ್ಕ್ರೂಗೆ ಸಂಬಂಧಿಸಿದ್ದು ಒಂದಿದೆ. ಈ ಇಡೀ ವಿಷಯದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ಸಂಗತಿ ಇದು. ಮೇಲೆ ಹೇಳಿದ ಗೋಲಾಕಾರದ ಬಾಯಿ ಸಾಲದು ಎಂದು ದೊಡ್ಡ ಸೈಲೊಗಳಿಗೆ, ವಿಶೇಷವಾಗಿ ಕಾಳು, ಹಿಂಡಿ, ಮರದ ಪುಡಿಯಂಥವಕ್ಕೆ, ಬುಡದಲ್ಲಿ ಉದ್ದನೆಯ ಸೀಳು ಬಿಟ್ಟು ಅದರ ಕೆಳಗೆ ಸ್ಕ್ರೂ ಮಲಗಿಸುತ್ತಾರೆ. ಎರಡು ಮೀಟರ್ ಉದ್ದದ ಬಾಯಿ, ಎರಡು ಮೀಟರ್ ಉದ್ದಕ್ಕೂ ಮಾಲು ಇಳಿಯಬೇಕಲ್ಲ? ಸ್ಕ್ರೂವಿನ ಪಿಚ್ ಉದ್ದಕ್ಕೂ ಒಂದೇ ಇದ್ದರೆ ಇಳಿಯುವುದಿಲ್ಲ. ಸ್ವಾರಗೇಟಿನಿಂದ ಹೊರಡುವ ಬಸ್ಸನ್ನು ನೆನೆಯಿರಿ. ಮೊದಲ ನಿಲ್ದಾಣದಲ್ಲೇ ಭರ್ತಿಯಾಗಿಬಿಟ್ಟರೆ ಮುಂದಿನ ನಿಲ್ದಾಣಗಳಲ್ಲಿ ಜನ ಕೈ ತೋರಿಸುತ್ತ ನಿಂತೇ ಇರುತ್ತಾರೆ. ಸ್ಕ್ರೂವಿನ ಹಿಂತುದಿಯ ಮೊದಲ ಸುತ್ತು ಮೇಲಿನಿಂದ ಪೂರ್ತಿ ತುಂಬಿಕೊಳ್ಳುತ್ತದೆ. ಮುಂದಿನ ಸುತ್ತುಗಳಲ್ಲಿ ಜಾಗವೇ ಇಲ್ಲ. ಪರಿಣಾಮ, ಎರಡು ಮೀಟರ್ ಬಾಯಿಯಲ್ಲಿ ಹಿಂದಿನ ಒಂದು ಗೇಣಿನಷ್ಟು ಜಾಗದಲ್ಲಿ ಮಾತ್ರ ಮಾಲು ಇಳಿಯುತ್ತದೆ, ಉಳಿದದ್ದು ನಿಂತಲ್ಲೇ ನಿಂತು ಗಟ್ಟಿಯಾಗುತ್ತದೆ. ಅಂದರೆ ದುಡ್ಡು ಕೊಟ್ಟು ಕಡಿದಾದ ಶಂಕು ಕಟ್ಟಿಸಿದರೂ ಕೆಳಗಿನ ಸ್ಕ್ರೂ ಅದನ್ನು ಕೆಡಿಸಬಹುದು.

ಪರಿಹಾರ ಬಹಳ ಸರಳ. ಪ್ರತಿ ನಿಲ್ದಾಣಕ್ಕೂ ಬಸ್ಸಿಗೆ ನಾಲ್ಕು ಸೀಟು ಹೆಚ್ಚಾಗುತ್ತ ಹೋಗುವಂತೆ ಮಾಡುವುದು. ಹಿಂತುದಿಯಲ್ಲಿ ಸುರುಳಿಯ ಸುತ್ತುಗಳು ಹತ್ತಿರ ಹತ್ತಿರ, ಮುಂದೆ ಹೋದಂತೆ ದೂರ ದೂರ. ಅಥವಾ ನಡುವಿನ ದಂಡ ಹಿಂದೆ ದಪ್ಪ, ಮುಂದೆ ಸಪೂರ. ಎರಡನ್ನೂ ಸೇರಿಸಿ ಮಾಡುವುದೂ ಉಂಟು. ಹೀಗೆ ಮಾಡಿದರೆ ಪ್ರತಿ ಸುತ್ತಿನಲ್ಲೂ ಹೊಸ ಮಾಲಿಗೆ ಸ್ವಲ್ಪ ಜಾಗ ಹುಟ್ಟುತ್ತದೆ, ಬಾಯಿಯ ಉದ್ದಕ್ಕೂ ಸಮನಾಗಿ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಸ್ಕ್ರೂಗಳು ಒಂದೇ ಥರ, ಒಂದೇ ಮೋಟಾರು, ಒಂದೇ ಬಣ್ಣ. ಮುಚ್ಚಳ ತೆಗೆದು ಸುತ್ತುಗಳ ನಡುವೆ ಟೇಪ್ ಹಿಡಿದವನಿಗೆ ಮಾತ್ರ ವ್ಯತ್ಯಾಸ ಗೊತ್ತಾಗುವುದು.

ಮಾಲು ಬರದಿರುವುದು ಒಂದು ಕಷ್ಟವಾದರೆ ಬೇಡವೆಂದರೂ ಬರುವುದು ಇನ್ನೊಂದು. ಬಲ್ಕರ್ ಲಾರಿ ಬಂದು ಗಾಳಿಯ ಒತ್ತಡದಿಂದ ಸಿಮೆಂಟನ್ನು ಸೈಲೊಗೆ ಊದುತ್ತದೆ. ಆಗಷ್ಟೇ ತುಂಬಿದ ಸಿಮೆಂಟಿನೊಳಗೆ ಗಾಳಿ ಸೇರಿಕೊಂಡಿರುತ್ತದೆ, ಅದು ಹೆಚ್ಚುಕಡಿಮೆ ನೀರಿನ ಹಾಗೆ ವರ್ತಿಸುತ್ತದೆ. ಆ ಹೊತ್ತಿನಲ್ಲಿ ಸ್ಕ್ರೂ ನಿಲ್ಲಿಸಿದರೂ ಸುರುಳಿಯ ಸಂದಿಗಳಲ್ಲಿ ಹರಿದು ಬರುತ್ತದೆ. ತೂಕದ ಹಾಪರಿನಲ್ಲಿ ಗುರಿ 320, ಮುಳ್ಳು ನಿಲ್ಲುವುದು 340ರಲ್ಲಿ. ನಮ್ಮ ಐಎಸ್ 456:2000 ಪ್ರಕಾರ ಸಿಮೆಂಟ್ ಅಳೆಯುವ ನಿಖರತೆ ಎರಡು ಶೇಕಡಾ ಆಚೀಚೆ ಇರಬೇಕು, ಜಲ್ಲಿ ಮತ್ತು ನೀರಿಗೆ ಮೂರು. 320ರ ಎರಡು ಶೇಕಡಾ ಎಂದರೆ 6.4 ಕಿಲೊ. ಸ್ಕ್ರೂ ಸೆಕೆಂಡಿಗೆ ಒಂಬತ್ತು ಕಿಲೊ ಸುರಿಯುತ್ತಿರುವಾಗ ಅರ್ಧ ಸೆಕೆಂಡ್ ತಡವಾದರೆ ನಾಲ್ಕೂವರೆ ಕಿಲೊ ಹೋಯಿತು. ಮೋಟಾರು ಆಫ್ ಆದ ಮೇಲೂ ಕೊಳವೆಯ ತುದಿಯಿಂದ ಹಾಪರಿಗೆ ಬೀಳುತ್ತಿರುವ ಸಿಮೆಂಟ್ ಬೇರೆ.

ಇಲ್ಲಿ ಸಾಫ್ಟ್‌ವೇರಿಗೆ ನಿಜವಾಗಿಯೂ ಮಾಡಲು ಕೆಲಸವಿದೆ. ಹಿಂದಿನ ಕೆಲವು ಬ್ಯಾಚುಗಳಲ್ಲಿ ಆಫ್ ಮಾಡಿದ ಮೇಲೆ ಎಷ್ಟು ಬಿದ್ದಿತ್ತು ಎಂದು ನೆನಪಿಟ್ಟು, ಈ ಸಲ ಅಷ್ಟು ಮೊದಲೇ ನಿಲ್ಲಿಸುತ್ತೇವೆ. ಕೊನೆಯ ಹತ್ತಿಪ್ಪತ್ತು ಕಿಲೊಗಳನ್ನು ಸ್ಕ್ರೂವನ್ನು ತುಸು ತಿರುಗಿಸಿ, ನಿಲ್ಲಿಸಿ, ಮತ್ತೆ ತುಸು ತಿರುಗಿಸಿ ಹಾಕುತ್ತೇವೆ. ಮಾಲು ಒಂದೇ ಥರ ಬರುತ್ತಿದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಹಿಂದಿನ ಬ್ಯಾಚಿನಲ್ಲಿ ಕಮಾನು, ಈ ಬ್ಯಾಚಿನಲ್ಲಿ ಕಮಾನು ಕುಸಿದು ಪ್ರವಾಹ ಎಂದಾದರೆ ಯಾವ ಅಲ್ಗಾರಿದಮ್ ಏನು ಕಲಿಯುತ್ತದೆ? ಸಿಮೆಂಟ್ ಕಡಿಮೆ ಬಿದ್ದ ಬ್ಯಾಚಿನ ಬಲ ಕಡಿಮೆ, ಹೆಚ್ಚು ಬಿದ್ದರೆ ಮಾಲೀಕನಿಗೆ ನಷ್ಟ. ಈ ಎರಡರಲ್ಲಿ ಯಾವುದು ಬೇಗ ಯಾರ ಕಣ್ಣಿಗೆ ಬೀಳುತ್ತದೆ ಎಂಬುದನ್ನು ನಾನು ಹೇಳಬೇಕಿಲ್ಲ.

ಈಗ ಸುತ್ತಿಗೆಯ ವಿಷಯ. ಯಾವ ಪ್ಲಾಂಟಿಗೆ ಹೋದರೂ ಸೈಲೊದ ಶಂಕುವಿನ ಮೈ ನೋಡುತ್ತೇನೆ. ತಗ್ಗು ತಗ್ಗಾಗಿ ಸಿಡುಬಿನ ಕಲೆಯಂತೆ ಗುರುತುಗಳಿದ್ದರೆ ಅಲ್ಲಿ ಮಾಲು ಸರಿಯಾಗಿ ಇಳಿಯುತ್ತಿಲ್ಲ ಎಂದು ಗೊತ್ತಾಗಿಹೋಗುತ್ತದೆ. ಹೆಲ್ಪರ್ ಒಬ್ಬನನ್ನು ಏಣಿ ಹತ್ತಿಸಿ ಹತ್ತು ಪೌಂಡಿನ ಸುತ್ತಿಗೆಯಿಂದ ಹೊಡೆಸುವುದು ನಮ್ಮಲ್ಲಿ ದಿನಚರಿ. ಹೊಡೆದಾಗ ಕಮಾನು ಬಿದ್ದು ಮಾಲು ಬರುತ್ತದೆ ನಿಜ. ಆದರೆ ಹೊಡೆದಲ್ಲೆಲ್ಲ ತಗಡು ಒಳಕ್ಕೆ ಉಬ್ಬುತ್ತದೆ, ನಾಳೆ ಆ ಉಬ್ಬಿನ ಮೇಲೆಯೇ ಹೊಸ ಸಿಮೆಂಟ್ ಕೂರುತ್ತದೆ. ಇವತ್ತಿನ ಪೆಟ್ಟು ನಾಳಿನ ಎರಡು ಪೆಟ್ಟಿಗೆ ದಾರಿ. ವೈಬ್ರೇಟರ್ ಕಟ್ಟಿದವರ ಕಥೆಯೂ ಕೆಲವೆಡೆ ಅಷ್ಟೇ. ಅಕ್ಕಿ ಡಬ್ಬ ತುಂಬುವಾಗ ನೆಲಕ್ಕೆ ಕುಟ್ಟಿದರೆ ಇನ್ನೊಂದು ಪಾವು ಹಿಡಿಸುತ್ತದಲ್ಲ, ಹಾಗೆ ಕೆಳಗಿನ ಬಾಯಿ ಮುಚ್ಚಿರುವಾಗ ವೈಬ್ರೇಟರ್ ಓಡಿಸಿದರೆ ಸಿಮೆಂಟ್ ಇನ್ನಷ್ಟು ಜಡಿದುಕೊಳ್ಳುತ್ತದೆ. ಸ್ಕ್ರೂ ಓಡುತ್ತಿರುವಾಗ ಮಾತ್ರ, ಅದೂ ಬಿಟ್ಟು ಬಿಟ್ಟು ಓಡಿಸಬೇಕು. ಸಿಮೆಂಟಿಗೆ ಇದಕ್ಕಿಂತ ಒಳ್ಳೆಯ ಮದ್ದು ಗಾಳಿ. ಶಂಕುವಿನ ಒಳಮೈಗೆ ಪುಟ್ಟ ಪ್ಯಾಡುಗಳನ್ನು ಕೂರಿಸಿ ಒಣಗಿಸಿದ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಬಿಡುವುದು. ಗೋಡೆ ಪಕ್ಕದ ಪುಡಿ ಸಡಿಲಾಗಿ ಜಾರುತ್ತದೆ. ಒಣಗಿಸಿದ ಗಾಳಿ ಎಂಬಲ್ಲಿ ಒತ್ತು. ಕಂಪ್ರೆಸರಿನ ನೀರು ಸೇರಿದ ಗಾಳಿ ಬಿಟ್ಟರೆ ಸೈಲೊದೊಳಗೇ ಕಾಂಕ್ರೀಟ್ ಹಾಕಿದಂತೆ.

ಇಷ್ಟು ಹೊತ್ತು ಯಂತ್ರದ ಕಥೆ. ಮಾಲು ಬರದಿದ್ದಾಗ ಮನುಷ್ಯ ಏನು ಮಾಡುತ್ತಾನೆ ಎಂಬುದು ನನ್ನ ನಿದ್ದೆ ಕೆಡಿಸಿದ ಭಾಗ. ಹೊರಗೆ ಐದು ಮಿಕ್ಸರ್ ಕಾಯುತ್ತಿವೆ, ಸೈಟಿನಿಂದ ಫೋನಿನ ಮೇಲೆ ಫೋನು. ಹೆಲ್ಪರ್ ಸ್ಕ್ರೂವಿನ ತಪಾಸಣೆ ಮುಚ್ಚಳ ತೆಗೆಯುತ್ತಾನೆ. ಮೊದಲು ಸರಳಿನಿಂದ ತಿವಿಯುತ್ತಾನೆ, ಆಗದಿದ್ದರೆ ಕೈ ಹಾಕುತ್ತಾನೆ. ಕ್ಯಾಬಿನ್ನಿನಲ್ಲಿ ಕೂತವನಿಗೆ ಅವನು ಕಾಣುವುದಿಲ್ಲ. ಸ್ಕ್ರೀನಿನಲ್ಲಿ ಸ್ಕ್ರೂ ಆಫ್ ಎಂದಿದೆ. ಆದರೆ ಆಟೊ ಮೋಡಿನಲ್ಲಿ ಆಫ್ ಎಂದರೆ ಮುಂದಿನ ಬ್ಯಾಚಿಗೆ ಕಾಯುತ್ತಿದೆ ಎಂದಷ್ಟೇ ಅರ್ಥ. ತಿರುಗುವ ರೆಕ್ಕೆಗೂ ಕೊಳವೆಗೂ ನಡುವೆ ಇರುವುದು ಕೆಲವೇ ಮಿಲಿಮೀಟರ್ ಸಂದು. ಅಲ್ಲಿ ಬೆರಳು ಸಿಕ್ಕಿದರೆ ಬೆರಳಿಗೆ ನಿಲ್ಲುವುದಿಲ್ಲ, ಸುರುಳಿ ಒಳಕ್ಕೆ ಎಳೆದುಕೊಳ್ಳುತ್ತಲೇ ಹೋಗುತ್ತದೆ. ಸೇಡಂ ಅಣ್ಣನ ಜೊತೆ ಹಿಂದೊಮ್ಮೆ ಕೆಲಸ ಮಾಡಿದ್ದ ಯಾದಗಿರಿ ಕಡೆಯ ಹುಡುಗನೊಬ್ಬ ಬೇರೊಂದು ಪ್ಲಾಂಟಿನಲ್ಲಿ ಹೀಗೇ ಮೂರು ಬೆರಳು ಕಳೆದುಕೊಂಡನಂತೆ. "ಊರಿಗೆ ಹೋದಾ ಸರ. ಈ ಕೈ ತಗೊಂಡು ಇಲ್ಲಿ ಏನ್ ಮಾಡ್ತಾನ್ರಿ?" ಎಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೇಲಿನಿಂದ ಸೈಲೊದೊಳಗೆ ಇಳಿಯುವುದು ಇನ್ನೂ ಭಯಾನಕ. ಕಾಳಿನ ಸೈಲೊದಲ್ಲಿ ಕೆಳಗೆ ಸ್ಕ್ರೂ ಓಡುತ್ತಿದ್ದರೆ ಮೇಲೆ ನಿಂತವನ ಕಾಲು ಹೂಳುಮಣ್ಣಿನಲ್ಲಿ ಇಳಿದಂತೆ ಇಳಿಯುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಮೊಣಕಾಲಿನಾಚೆ ಹೋದರೆ ತಾನಾಗಿ ಬಿಡಿಸಿಕೊಳ್ಳಲು ಆಗುವುದಿಲ್ಲ. ಕಮಾನಿನ ಮೇಲೆ ಗೊತ್ತಿಲ್ಲದೆ ನಿಂತರೂ ಅಷ್ಟೇ, ಅದು ಯಾವಾಗ ಕುಸಿಯುತ್ತದೋ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ ಅಲ್ಲಿನ ರೈತರ ಇಂಥ ಸಾವುಗಳ ಲೆಕ್ಕವನ್ನು ದಶಕಗಳಿಂದ ಇಡುತ್ತ ಬಂದಿದೆ.

ಇದನ್ನು ಹೇಳುತ್ತಿದ್ದಾಗ ಸೇಡಂ ಅಣ್ಣ ನಕ್ಕುಬಿಟ್ಟರು. "ಇದು ನಮಗ ಹೊಸದಲ್ರಿ. ಊರಾಗ ಹಗೇವು ಇದ್ದೂ ನೋಡ್ರಿ. ಬಾಯಿ ತೆರದ್ರ ನಮ್ಮ ಮುತ್ಯಾ ಯಾರ್ನೂ ಇಳಸ್ತಿರಲಿಲ್ಲ. ಕಂದೀಲ ಬಿಟ್ಟು ನೋಡ್ತಿದ್ದ. ದೀಪ ಆರಿತಂದ್ರ ಮತ್ತ ಬಾಯಿ ತೆರದ ಇಡೋದು." ಉತ್ತರ ಕರ್ನಾಟಕದ ಓದುಗರಿಗೆ ಹಗೇವು ಗೊತ್ತಿರುತ್ತದೆ. ಉಳಿದವರಿಗಾಗಿ: ನೆಲದೊಳಗೆ ತೋಡಿ, ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿ ಮುಚ್ಚಿ ಇಡುವ ಕಣಜ. ಕಾಳು ಉಸಿರಾಡುತ್ತದೆ. ಮುಚ್ಚಿದ ಜಾಗದ ಆಮ್ಲಜನಕ ಕರಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳ ಸಾಯುವುದೂ ಅದರಿಂದಲೇ, ಆತುರಪಟ್ಟು ಇಳಿದ ಮನುಷ್ಯ ಸಾಯುವುದೂ ಅದರಿಂದಲೇ.

ಸಂಗ್ರಹಿಸಿಟ್ಟ ರಾಶಿ ಎಷ್ಟು ಭಾರ ಎಂಬುದನ್ನು ನಾವು ಮರೆಯಬಾರದು. 2023ರ ಡಿಸೆಂಬರಿನಲ್ಲಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಘಟಕವೊಂದರಲ್ಲಿ ಮೆಕ್ಕೆಜೋಳದ ಸಂಗ್ರಹ ಕುಸಿದು ಬಿಹಾರದಿಂದ ದುಡಿಯಲು ಬಂದಿದ್ದ 7 ಕಾರ್ಮಿಕರು ಅದರಡಿ ಸಿಕ್ಕಿ ತೀರಿಕೊಂಡರು. ಅಲ್ಲಿ ಸ್ಕ್ರೂವಿನ ಮಾತಿಲ್ಲ. ಆದರೆ ಸುದ್ದಿ ಓದಿದಾಗ ನನಗೆ ಥಟ್ಟನೆ ಕಂಡದ್ದು ದಿಕ್ಕು. ನಮ್ಮ ಯಾದಗಿರಿಯ ಹುಡುಗರು ಪುಣೆಗೆ, ಬಿಹಾರದ ಹುಡುಗರು ನಮ್ಮ ವಿಜಯಪುರಕ್ಕೆ. ಪರವೂರಿನ ಸೈಲೊದ ಬುಡದಲ್ಲಿ ನಿಲ್ಲುವವರು ಎಲ್ಲ ಕಡೆ ವಲಸೆ ಬಂದವರೇ. ಚಾಕಣ್ ಪ್ಲಾಂಟಿಗೆ ಬರುವ ಸಿಮೆಂಟಿನಲ್ಲೂ ಒಂದಷ್ಟು ಅಣ್ಣನ ಊರಿನ ಕಡೆಯದೇ. ವಾಡಿ, ಸೇಡಂ, ಮಳಖೇಡದ ಸುಣ್ಣಕಲ್ಲು. ರಾಷ್ಟ್ರಕೂಟರ ಮಾನ್ಯಖೇಟದ ಪಕ್ಕದ ಕಲ್ಲು ಪುಣೆಯ ಅಪಾರ್ಟ್‌ಮೆಂಟಿನ ಮಹಡಿಯಾಗುತ್ತಿದೆ ಎಂದು ಅವರಿಗೆ ಹೇಳಿದೆ. "ಹೌದ್ರಿ, ಕಲ್ಲೂ ಬಂತು, ನಾವೂ ಬಂದೀವಿ" ಎಂದರು.

ಆ ಪ್ಲಾಂಟಿನಲ್ಲಿ ಕೊನೆಗೆ ಆದದ್ದು ಇಷ್ಟು. ಲಾಗ್ ತೆಗೆದು ಮೋಟಾರಿನ ಕರೆಂಟನ್ನೂ ತೂಕವನ್ನೂ ಒಂದೇ ಗ್ರಾಫಿನಲ್ಲಿ ಹಾಕಿ ತೋರಿಸಿದೆ. ತೂಕ ಏರದ ಆ ಮೂರು ನಿಮಿಷಗಳಲ್ಲಿ ಮೋಟಾರು ಬರಿ ಕೊಳವೆ ತಿರುಗಿಸುವಷ್ಟೇ ಕರೆಂಟ್ ಎಳೆಯುತ್ತಿತ್ತು. ಅಣ್ಣ ಬಾಯಲ್ಲಿ ಹೇಳಿದ್ದನ್ನೇ ಗ್ರಾಫು ಹೇಳಿತು, ಆದರೆ ಮ್ಯಾನೇಜರ್ ಸಾಹೇಬರು ನಂಬಿದ್ದು ಗ್ರಾಫನ್ನು. ಸೈಲೊ ಖಾಲಿ ಮಾಡಿಸಿ ನೋಡಿದಾಗ ಶಂಕುವಿನ ಒಂದು ಪಕ್ಕಕ್ಕೆ ಕಲ್ಲಾದ ಸಿಮೆಂಟ್ ಅಂಟಿತ್ತು, ಮೇಲಿನ ಮುಚ್ಚಳದ ರಬ್ಬರ್ ಹರಿದು ಮಳೆನೀರು ಇಳಿದ ಗುರುತಿತ್ತು. ರಬ್ಬರ್ ಬದಲಾಯಿತು, ಗಾಳಿಯ ಪ್ಯಾಡುಗಳು ಬಂದವು, ಗಾಳಿಯ ದಾರಿಗೆ ಒಂದು ಡ್ರೈಯರ್ ಬಂತು. ಬಲ್ಕರ್ ಊದಿದ ಮೇಲೆ ಇಪ್ಪತ್ತು ನಿಮಿಷ ಆ ಸೈಲೊದಿಂದ ತೂಕ ಮಾಡದಂತೆ ನಾನು ಕೋಡಿನಲ್ಲಿ ಒಂದು ತಡೆ ಹಾಕಿದೆ. ಕರೆಂಟ್ ಇಳಿದು ತೂಕ ಏರದಿದ್ದರೆ ಹದಿನೈದು ಸೆಕೆಂಡಿನಲ್ಲಿ "ಸೈಲೊದಿಂದ ಮಾಲು ಇಳಿಯುತ್ತಿಲ್ಲ" ಎಂಬ ಎಚ್ಚರಿಕೆ ಬರುತ್ತದೆ. ಮೊದಲು ಅಲ್ಲಿ ಇದ್ದದ್ದು "ಬ್ಯಾಚ್ ಟೈಮ್‌ಔಟ್" ಎಂಬ ಮಾತು. ಅದನ್ನು ಓದಿದ ಯಾರಿಗಾದರೂ ಸಾಫ್ಟ್‌ವೇರ್ ನಿಧಾನ ಎಂದೇ ಅನಿಸುತ್ತದೆ.

ಮುಚ್ಚಳಕ್ಕೆ ಒಂದು ಸ್ವಿಚ್ಚು ಹಾಕಿಸಿ, ತೆರೆದರೆ ಸ್ಕ್ರೂ ನಿಲ್ಲುವಂತೆ ಮಾಡಿದೆವು. ಆದರೆ ಅದರ ಮೇಲೆ ಭರವಸೆ ಇಡಬೇಡಿ ಎಂದು ನಾನೇ ಹೇಳಿದೆ. ಸ್ವಿಚ್ಚಿಗೆ ತಂತಿ ಸುತ್ತಿ ಮೋಸ ಮಾಡುವುದು ಎರಡು ನಿಮಿಷದ ಕೆಲಸ, ಸಾಫ್ಟ್‌ವೇರಿನಲ್ಲೂ ಬಗ್ ಇರಬಹುದು. ಮೋಟಾರಿಗೆ ಬರುವ ಕರೆಂಟನ್ನೇ ಕಡಿಯುವ ಐಸೊಲೇಟರ್ ಬೇಕು, ಅದು ಸ್ಕ್ರೂವಿನ ಪಕ್ಕದಲ್ಲೇ ಇರಬೇಕು, ಅದಕ್ಕೆ ಬೀಗ ಹಾಕುವಂತಿರಬೇಕು, ಕೈ ಹಾಕುವವನ ಬೀಗ, ಕೀಲಿ ಅವನ ಜೇಬಿನಲ್ಲೇ. ಬೀಗಕ್ಕೆ ಮುನ್ನೂರು ರೂಪಾಯಿ. ಪರ್ಚೇಸ್ ವಿಭಾಗದಿಂದ ಅದು ಬರಲು ಮೂರು ವಾರ ಹಿಡಿಯಿತು.

ಕಳೆದ ತಿಂಗಳು ಹೋದಾಗ ಐಸೊಲೇಟರಿನ ಪಕ್ಕದ ಮೊಳೆಯಲ್ಲಿ ಎರಡು ಕೆಂಪು ಬೀಗ ನೇತಾಡುತ್ತಿದ್ದವು. ಹೆಲ್ಪರುಗಳ ಹೆಸರನ್ನು ಕನ್ನಡದಲ್ಲಿ ಒಂದು, ಹಿಂದಿಯಲ್ಲಿ ಒಂದು, ಬಿಳಿ ಪೇಂಟಿನಲ್ಲಿ ಬರೆದಿತ್ತು. ಡೂಪ್ಲಿಕೇಟ್ ಕೀಲಿ ಆಫೀಸಿನಲ್ಲಿ ಇರಲಿ ಎಂದು ಮ್ಯಾನೇಜರ್ ಕೇಳಿದ್ದರಂತೆ. ಸೇಡಂ ಅಣ್ಣ ಕೊಟ್ಟಿಲ್ಲ.